ಗೊರಕೆ ನಿಂತ ಹೊತ್ತು

ವೆರ್ಣಾ, ಗೋವಾ
9 ಫೆಬ್ರುವರಿ 2025, ರವಿವಾರ

ಪ್ರೀತಿಯ ಬುಶ್ರಾ,

ನಿನ್ನ ಭಾಬಿಯ ಸಲಾಮು. ಪತ್ರದ ಮೊದಲಿಗೆ ‘ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮ ತಿಳಿಸಿರಿ’ ಅಂತ ಬರೆಯಬೇಕೆಂದು ನಮ್ಮ ಹಾನಗಲ್ಲಿನ ಸಾಲೆಯಲ್ಲೂ ಕಲಿಸಿದ್ದಾರೆ, ನಿಮ್ಮ ಸವಣೂರಿನ ಸಾಲೆಯಲ್ಲೂ ಕಲಿಸಿದ್ದಾರೆ. ಈ ಸಲ ಅದನ್ನು ಬಿಟ್ಟಿದ್ದೇನೆ. ಈ ಪತ್ರದಲ್ಲಿ ಒಂದೂ ಸುಳ್ಳು ಬರೆಯಬಾರದು ಅಂತ ಕೂತಿದ್ದೇನೆ. ಮೊದಲ ಸಾಲಿಗೇ ತಪ್ಪಿದರೆ ಹೇಗೆ?

ಫೋನು ಮಾಡಬಹುದಿತ್ತು. ಆದರೆ ಅಮ್ಮಿಯ ಫೋನಿಗೆ ಗುಟ್ಟು ಅನ್ನುವುದೇ ಗೊತ್ತಿಲ್ಲ. ಸ್ಪೀಕರ್ ಹಚ್ಚಿ ಪಡಸಾಲೆಯ ನಡುವೆ ಇಟ್ಟರೆಂದರೆ ನಾನು ಇಲ್ಲಿ ಸೀನಿದ್ದು ನಿಮ್ಮ ಓಣಿಯ ಕೊನೆಯ ಮನೆಗೂ ಕೇಳಿಸುತ್ತದೆ. ಅದಕ್ಕೇ ನಿನ್ನ ಮೂರು ತಿಂಗಳ ಫಿಟ್ಸಿನ ಮಾತ್ರೆಯ ಡಬ್ಬಿಯಲ್ಲಿ, ಪಟ್ಟಿಗಳ ಕೆಳಗೆ ಈ ಹಾಳೆಗಳನ್ನು ಮಡಚಿ ಇಡುತ್ತೇನೆ. ಲಾರಿಯ ಪರ್ವೇಜ ಬುಧವಾರ ಇಲ್ಲಿಂದ ಹೊರಡುತ್ತಾನೆ. ಡಬ್ಬಿಯನ್ನು ನಿನ್ನ ಕೈಗೇ ಕೊಡಬೇಕು, ಅಮ್ಮಿ ಕೇಳಿದರೆ ಹೆಂಗಸರ ಸಾಮಾನು ಅನ್ನು ಅಂತ ಹೇಳಿದ್ದೇನೆ. ಪಾಪ, ಕೇಳಿದ ಕೂಡಲೇ ಕಿವಿಯವರೆಗೆ ಕೆಂಪಾದ.

ಹೋದ ವಾರ ಅವನ ಕೈಯಲ್ಲಿ ನೀನು ಕಳಿಸಿದ ಚೀಟಿ ತಲುಪಿತು. ಎಲ್ಲದಕ್ಕೂ ಹತ್ತು ಮಾತಾಡುವ ಹುಡುಗಿ ಮೂರೇ ಸಾಲು ಬರೆದಿದ್ದೀ. ಈದ್ ಆಗಿ ಹನ್ನೆರಡನೆಯ ದಿನಕ್ಕೆ ಅಫ್ರೋಜನ ಜೊತೆ ನಿಖಾ ಗೊತ್ತಾಗಿದೆ. ಮದುವೆಯಾಗಿ ಹೋದ ಮನೆಯಲ್ಲಿ ಎರಡು ತಿಂಗಳಾದರೂ ಮಾತ್ರೆ ಮುಟ್ಟಬೇಡ, ಯಾರ ಕಣ್ಣಿಗಾದರೂ ಬಿದ್ದರೆ ಮುಗಿಯಿತು ಎಂದು ಅಮ್ಮಿ ಹೇಳಿದ್ದಾರೆ. ಎರಡು ತಿಂಗಳಿಗೆ ಏನೂ ಆಗುವುದಿಲ್ಲ ಅಲ್ಲವಾ ಭಾಬಿ ಅಂತ ಕೊನೆಗೆ ಕೇಳಿದ್ದೀ.

ಆಗುತ್ತದೆ ಬುಶ್ರಾ. ಅದನ್ನು ಹೇಳುವುದಕ್ಕೇ ಈ ಪತ್ರ.

ನಿನ್ನ ಭಾಯಿ ಹೇಗೆ ಹೋದರು ಎಂದು ನಾನು ನಿಮಗೆಲ್ಲ ಹೇಳಿದ್ದು ಸುಳ್ಳು. ರಾತ್ರಿ ಪಾಳಿ ಮುಗಿಸಿ ಬಂದರು, ಮಲಗಿದರು, ಏಳಲಿಲ್ಲ ಅಂದಿದ್ದೆ. ಅಮ್ಮಿ ಅದನ್ನೇ ಹಿಡಿದುಕೊಂಡು, ‘ನನ್ನ ಹಾರೂನ ನಿದ್ದಿಯೊಳಗ ಹೋದ, ನೋವು ಇಲ್ಲ ನರಳಾಟ ಇಲ್ಲ, ಪುಣ್ಯವಂತ’ ಎಂದು ಬಂದವರಿಗೆಲ್ಲ ಹೇಳಿಕೊಂಡು ಅತ್ತರು. ಆ ಒಂದು ಮಾತಿನ ಮೇಲೆ ಆ ತಾಯಿ ಇಷ್ಟು ದಿನ ಉಸಿರಾಡಿದ್ದಾರೆ. ಗಂಡ ಸತ್ತವಳು ಹೊಸ್ತಿಲು ದಾಟದ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಸವಣೂರಿನಲ್ಲಿ ನಿನ್ನ ಪಕ್ಕದಲ್ಲೇ ಹಾಸಿಗೆ ಹಾಸಿಕೊಂಡು ಮಲಗಿದೆ. ಎಷ್ಟೋ ಸಲ ಹೇಳಲು ಬಾಯಿ ತೆರೆದೆ. ನೀನು ಇತ್ತ ಹೊರಳಿ, ಭಾಬಿ ನೀರು ಬೇಕೇನು ಅಂತ ಕೇಳುತ್ತಿದ್ದೆ. ಬೇಕು ಅನ್ನುತ್ತಿದ್ದೆ.

ಎಲ್ಲಿಂದ ಸುರು ಮಾಡಲಿ? ನನ್ನ ಮದುವೆಯಿಂದಲೇ ಮಾಡುತ್ತೇನೆ, ಏಕೆಂದರೆ ಅಮ್ಮಿ ಈಗ ನಿನಗೆ ಮಾಡುತ್ತಿರುವುದನ್ನು ಆಗ ನನಗೆ ಮಾಡಿದ್ದರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರಲ್ಲ, ನನ್ನ ಪಾಲಿಗೆ ಒಂದೇ ಸುಳ್ಳು ಹೇಳಿದ್ದರು. ಹುಡುಗನಿಗೆ ಏನೂ ಜಡ್ಡಿಲ್ಲ ಅಂದಿದ್ದರು. ಮದುವೆಯಾದ ಹತ್ತನೆಯ ದಿನ, ಇದೇ ವೆರ್ಣಾದ ಖೋಲಿಯಲ್ಲಿ, ಊಟಕ್ಕೆ ಕೂತ ನಿನ್ನ ಭಾಯಿ ತಟ್ಟೆಯ ಮೇಲೆಯೇ ಬಿದ್ದರು. ಕಣ್ಣು ಮೇಲೆ, ಕೈಕಾಲು ಬಿಗಿದು, ಬಾಯಲ್ಲಿ ನೊರೆ. ಸತ್ತೇ ಹೋದರು ಅಂತ ನಾನು ಕಿರುಚಿದ್ದು ಕೇಳಿ ಪಕ್ಕದ ಖೋಲಿಯ ಠಾಕಪ್ಪ ಓಡಿಬಂದ. ಬದಾಮಿಯ ಕಡೆಯವನು, ಇವರು ದುಡಿಯುವ ಕಾರ್ಖಾನೆಯವನೇ. ಕೈಯಲ್ಲಿ ಕೀಲಿಕೈ ಹಿಡಿಸಿದ, ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿದ. ನನ್ನ ಚಪ್ಪಲಿಯನ್ನೂ ತಂದ. ಎರಡು ನಿಮಿಷಕ್ಕೆ ತಾನಾಗಿಯೇ ನಿಂತಿತು. ಉಳ್ಳಾಗಡ್ಡಿಯಿಂದ ನಿಂತಿತು ಅಂತ ಠಾಕಪ್ಪ ಇಂದಿಗೂ ನಂಬಿದ್ದಾನೆ.

ಎಚ್ಚರಾದ ಮೇಲೆ ಅವರು ಮೊದಲು ಕೇಳಿದ್ದು, ‘ನಾ ಏನರೆ ಕೆಟ್ಟ ಮಾತ ಆಡಿದ್ನೇನು?’ ಅಂತ. ಇಲ್ಲ ಅಂದೆ. ಗೋಡೆಯ ಕಡೆಗೆ ಮುಖ ತಿರುಗಿಸಿ, ‘ನಿನಗ ಹೇಳಬೇಕಿತ್ತು. ಅಮ್ಮಿ ಬ್ಯಾಡ ಅಂದ್ಲು. ಹೋಗತಿದ್ರ ಹೋಗು, ನಾ ಬಸ್ಸಿಗೆ ಕೂಡಸ್ತೇನಿ’ ಅಂದರು. ಸಿಟ್ಟಿನಿಂದ ಎರಡು ದಿನ ನಾನು ಮಾತಾಡಲಿಲ್ಲ. ಮೂರನೆಯ ದಿನ ಅವರು ತಾವೇ ರೊಟ್ಟಿ ಬಡಿದರು. ಒಂದು ಬದಿ ಸುಟ್ಟು ಕರಕಲು, ಇನ್ನೊಂದು ಬದಿ ಹಸಿ ಹಿಟ್ಟು. ಅದನ್ನು ನೋಡಿ ನನಗೆ ನಗು ಬಂತು, ನಕ್ಕ ಮೇಲೆ ಬಸ್ಸು ಹತ್ತುವುದು ಹೇಗೆ? ಮೊದಲೇ ಹೇಳಿದ್ದರೆ ಮದುವೆಗೆ ಒಲ್ಲೆ ಅನ್ನುತ್ತಿದ್ದೆನೋ ಏನೋ, ಖರೇ ಹೇಳಬೇಕೆಂದರೆ ನನಗೆ ಗೊತ್ತಿಲ್ಲ. ಆದರೆ ಹೇಳಿದ್ದರೆ ಆ ದಿನ ಚಪ್ಪಲಿ ಮೂಸಿಸುವ ಬದಲು ಏನು ಮಾಡಬೇಕೆಂದು ನನಗೆ ತಿಳಿದಿರುತ್ತಿತ್ತು.

ಆಮೇಲೆ ನಾನೇ ಅವರನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ನಿನಗೆ ನೆನಪಿರಬಹುದು, ಎರಡು ವರ್ಷದ ಹಿಂದೆ ಎರಡು ದಿನ ಫೋನು ಎತ್ತಲಿಲ್ಲ ಅಂತ ನೀನು ಜಗಳ ತೆಗೆದಿದ್ದೆ. ಆಗ ಅವರ ತಲೆಗೆಲ್ಲ ವಾಯರು ಅಂಟಿಸಿ, ಮೇಲೊಂದು ಕ್ಯಾಮೆರಾ ಇಟ್ಟು ಮಲಗಿಸಿದ್ದರು. ಮಿದುಳಿನ ಓಟವನ್ನು ಕಂಪ್ಯೂಟರಿನಲ್ಲಿ ಗೆರೆಗಳಾಗಿ ಬರೆಯುವ ಪರೀಕ್ಷೆ ಅದು. ‘ನೋಡು, ನಾನು ನಿನ್ನ ಬಗ್ಗೆ ಏನು ವಿಚಾರ ಮಾಡತೇನಂತ ಇವರಿಗೆ ಗೊತ್ತಾಗತೈತಿ’ ಅಂತ ನನ್ನನ್ನು ಚಾಷ್ಟಿ ಮಾಡಿದರು. ಎರಡನೆಯ ದಿನ ಮಧ್ಯಾಹ್ನ ಫಿಟ್ಸ್ ಬಂತು.

ಪರೀಕ್ಷೆ ಮಾಡುವ ಹೆಂಗಸು ಗೋವೆಯವರು, ಒಳ್ಳೆಯವರು. ಎಲ್ಲ ಮುಗಿದ ಮೇಲೆ ನನ್ನನ್ನು ಕರೆದು ಆ ಗೆರೆಗಳನ್ನು ತೋರಿಸಿದರು. ಫಿಟ್ಸ್ ಬಂದಾಗ ಗೆರೆಗಳೆಲ್ಲ ಹುಚ್ಚು ಹಿಡಿದಂತೆ ಮೇಲೆ ಕೆಳಗೆ ಹಾರಾಡುತ್ತಿದ್ದವು. ಆಮೇಲೆ ಒಮ್ಮೆಗೇ ಎಲ್ಲವೂ ಸಪಾಟಾಗಿ ಮಲಗಿಬಿಟ್ಟವು. ನನಗೆ ಸಮಾಧಾನವಾಯಿತು. ಸದ್ಯ, ತಣ್ಣಗಾಯಿತಲ್ಲ ಅಂದೆ. ಅವರು ತಲೆ ಅಲ್ಲಾಡಿಸಿದರು. ತಮಗೆ ಬರುವ ಹಿಂದಿಯಲ್ಲಿ ನನಗೆ ತಿಳಿಯುವಂತೆ ಹೇಳಿದರು. ಕೈಕಾಲು ಬಡಿಯುವಾಗ ಎಲ್ಲರೂ ಓಡಿ ಬರುತ್ತಾರೆ, ನಿಂತ ಮೇಲೆ ಮಲಗಿದ ಅಂತ ಎಲ್ಲರೂ ಎದ್ದು ಹೋಗುತ್ತಾರೆ. ದೊಡ್ಡ ಫಿಟ್ಸ್ ಆದ ಮೇಲೆ ಕೆಲವರ ಮಿದುಳು ಹೀಗೆ ಸ್ವಲ್ಪ ಹೊತ್ತು ಮೂಕಾಗುತ್ತದೆ. ಆ ಹೊತ್ತಿನಲ್ಲಿ ಬೋರಲಾಗಿ ಬಿದ್ದಿದ್ದರೆ ಮುಖ ತಿರುಗಿಸಿಕೊಳ್ಳುವ ಶಕ್ತಿ ಅವರಿಗಿರುವುದಿಲ್ಲ, ಉಸಿರೂ ತಪ್ಪಬಹುದು. ನೀನು ಮಾತ್ರ ಏಳಬೇಡ. ಮಗ್ಗುಲಿಗೆ ಹೊರಳಿಸು, ಹೆಸರು ಹಿಡಿದು ಕೂಗು, ಬೆನ್ನು ತಟ್ಟು, ಎದೆ ಏರಿಳಿಯುವುದನ್ನು ನೋಡುತ್ತಿರು. ಕಣ್ಣು ಬಿಟ್ಟು ತನ್ನ ಹೆಸರು ಹೇಳುವವರೆಗೆ ಅಲ್ಲೇ ಕೂತಿರು.

ಹೀಗೆ ಹೇಳಿದರು ಬುಶ್ರಾ. ನನಗೆ ಗೊತ್ತಿರಲಿಲ್ಲ ಅಂತ ಹೇಳುವ ದಾರಿ ನನಗಿಲ್ಲ. ಅದಾದ ಮೇಲೆ ಒಂಬತ್ತು ಸಲ ಬಂತು. ಒಂಬತ್ತು ಸಲವೂ ನಾನು ಅವರನ್ನು ಮಗ್ಗುಲಿಗೆ ಹೊರಳಿಸಿ, ಹಾರೂನ ಹಾರೂನ ಅಂತ ಗಂಡನ ಹೆಸರು ಹಿಡಿದು ಕೂಗಿದ್ದೇನೆ. ಎಚ್ಚರಾದ ಮೇಲೆ, ‘ಗಂಡನ ಹೆಸರು ಕೂಗಾಕ ನಿನಗ ಚಲೋ ನೆವ ಸಿಕ್ಕೈತಿ’ ಅಂತ ಅವರು ನಗುತ್ತಿದ್ದರು.

ಹತ್ತನೆಯ ಸಲದ ಮಾತು ಈಗ.

ಮಾತ್ರೆಯ ಚೀಟಿಯಲ್ಲಿ ‘ಬೆಳಿಗ್ಗೆ ಒಂದು, ರಾತ್ರಿ ಒಂದು’ ಅಂತ ಇತ್ತು. ಆದರೆ ವೆರ್ಣಾದಲ್ಲಿ ಪಾಳಿ ಮಾಡುವವರಿಗೆ ಬೆಳಗು ರಾತ್ರಿಯೆಲ್ಲ ಸೂರ್ಯನ ಲೆಕ್ಕದ್ದಲ್ಲ, ಕಂಪನಿ ಬಸ್ಸಿನ ಲೆಕ್ಕದ್ದು. ವಾರಕ್ಕೊಮ್ಮೆ ಪಾಳಿ ಬದಲು. ಅವರು ಎದ್ದ ಮೇಲೆ ಒಂದು ಮಾತ್ರೆ, ಮಲಗುವ ಮುಂಚೆ ಒಂದು ಮಾತ್ರೆ ಅಂತ ರೂಢಿ ಮಾಡಿಕೊಂಡಿದ್ದರು. ನನಗೂ ಅದು ಸರಿಯೇ ಅನ್ನಿಸಿತ್ತು. ರಾತ್ರಿ ಪಾಳಿಯ ವಾರದಲ್ಲಿ ಮುಂಜಾನೆ ಎಂಟಕ್ಕೆ ಬಂದು, ನಾಷ್ಟಾ ಮಾಡಿ, ‘ರಾತ್ರಿ’ ಮಾತ್ರೆ ನುಂಗಿ ಮಲಗುತ್ತಿದ್ದರು. ಕಿಟಕಿಗೆ ಕರಿ ಬಟ್ಟೆ ಕಟ್ಟಿ, ಓಣಿಯ ಮಕ್ಕಳನ್ನೆಲ್ಲ ಗದರಿಸಿ ಅತ್ತ ಓಡಿಸುವುದೇ ನನ್ನ ಕೆಲಸ. ಹಗಲು ಮಲಗುವವನ ನಿದ್ದೆ ಕೆಡಿಸಬಾರದು ಅನ್ನುವುದು ಈ ಸಾಲುಖೋಲಿಗಳ ಚಾಳಿನಲ್ಲಿ ನಮಾಜಿನಷ್ಟೇ ಕಟ್ಟುನಿಟ್ಟು.

ಆಗಸ್ಟ್ ಹನ್ನೊಂದು, ರವಿವಾರ. ರಾತ್ರಿ ಪಾಳಿಯ ವಾರದ ಕೊನೆಯ ದಿನ. ಅವತ್ತು ಹತ್ತೂವರೆಗೆ ಫಾತೋರ್ಡಾದಿಂದ ದಸ್ತಗೀರ ಚಾಚಾ ಬರುವವರಿದ್ದರು, ನಿನ್ನ ಅಫ್ರೋಜನ ದೊಡ್ಡಪ್ಪ. ಹುಡುಗಿಯ ಅಣ್ಣನ ಮನೆ ಹೇಗಿದೆ ಅಂತ ಒಮ್ಮೆ ನೋಡಿ ಬಾ ಅಂತ ಅಫ್ರೋಜನ ಮನೆಯವರು ಅವರಿಗೆ ಒಪ್ಪಿಸಿದ್ದರು. ಅವರು ಹೂಂ ಅಂದರೆ ಹೂಂ, ಉಹುಂ ಅಂದರೆ ಉಹುಂ. ಹೀಗಾಗಿ ಶನಿವಾರ ಹಗಲೆಲ್ಲ ನಿನ್ನ ಭಾಯಿ ಮಲಗಲಿಲ್ಲ. ಗೋಡೆಗೆ ಸುಣ್ಣ ಬಳಿದರು, ಮುರಿದ ಕುರ್ಚಿಗೆ ಮೊಳೆ ಹೊಡೆದರು. ಆಮೇಲೆ ರಾತ್ರಿ ಪಾಳಿಗೆ ಹೋದರು. ಮುಂಜಾನೆ ಬಂದವರ ಕಣ್ಣು ಕೆಂಪಾಗಿದ್ದವು.

ಮಾತ್ರೆ ತಗೊಳ್ಳಿ ಅಂದೆ. ‘ಅದನ್ನ ತಗೊಂಡ್ರ ಜೊಂಪ ಹತ್ತತೈತಿ. ಚಾಚಾನ ಮುಂದ ತೂಕಡಿಸಿಕೋತ ಕುಂತ್ರ ಹುಡುಗಿ ಅಣ್ಣ ಕುಡದಾನ ಅಂತಾರ. ಅವರು ಹೋಗಲಿ, ತಗೊಂಡು ಮಲಗತೇನಿ’ ಅಂದರು. ನಾನು ಬೇಡ ಅನ್ನಲಿಲ್ಲ. ಅನ್ನಲಿಲ್ಲ ಅಂದರೆ ಸಾಲದು. ಹೌದು, ಆಮೇಲೇ ತಗೊಳ್ಳಿ ಅಂತ ನಾನೇ ಪಟ್ಟಿಯನ್ನು ಎತ್ತಿ ಹಿಟ್ಟಿನ ಡಬ್ಬಿಯ ಹಿಂದೆ ಸರಿಸಿದೆ. ಬಂದವರ ಕಣ್ಣಿಗೆ ಬೀಳಬಾರದಲ್ಲ.

ಹತ್ತೂ ಕಾಲರ ಸುಮಾರು. ಒಳಗಿನ ಖೋಲಿಯಲ್ಲಿ ಅಂಗಿ ಹಾಕಿಕೊಳ್ಳುತ್ತಿದ್ದರು. ಧಪ್ ಅಂತ ಸದ್ದಾಯಿತು. ಹೋಗಿ ನೋಡಿದರೆ ನೆಲದ ಮೇಲೆ. ಎಂದಿಗಿಂತ ಜೋರಾಗಿತ್ತು, ಎಂದಿಗಿಂತ ಹೆಚ್ಚು ಹೊತ್ತು ಇತ್ತು. ನಾನು ತಲೆಯ ಕೆಳಗೆ ಕೈ ಕೊಟ್ಟು ಕೂತಿದ್ದೆ. ಕೈಕಾಲು ಸಡಿಲಾಗಿ, ಗೊರಗೊರ ಅಂತ ಉಸಿರು ಸುರುವಾಗುವುದಕ್ಕೂ, ಹೊರಗೆ ಚಾಚಾ ಬಂದು ‘ಹಾರೂನ, ಅದೀಯೇನಪಾ’ ಎಂದು ಕೂಗುವುದಕ್ಕೂ ಸರಿಹೋಯಿತು.

ನಾನು ಏನು ಮಾಡಬೇಕಿತ್ತು ಅಂತ ನನಗೆ ಗೊತ್ತಿತ್ತು. ಏನು ಮಾಡಿದೆ ಅಂತ ಹೇಳುತ್ತೇನೆ. ಕೈ ಎಳೆದುಕೊಂಡೆ. ಅವರು ಬೋರಲಾದರು. ಹೊರಳಿಸಲು ಒಮ್ಮೆ ನೂಕಿದೆ, ಭಾರ ಇತ್ತು, ಆಗಲಿಲ್ಲ. ಮತ್ತೊಮ್ಮೆ ನೂಕಲಿಲ್ಲ. ಹೊರಗೆ ಎರಡನೆಯ ಸಲ ಕೂಗು ಬಂತು. ತಲೆಯ ಮೇಲೆ ಸೆರಗು ಎಳೆದುಕೊಂಡು ಹೊರಗೆ ಬಂದೆ, ನಡುವಿನ ಬಾಗಿಲು ಮುಚ್ಚಿ ಚಿಲಕ ಹಾಕಿದೆ.

ಬರ್ರಿ ಚಾಚಾ, ಕುಂಡ್ರಿ ಅಂದೆ. ಇವರನ್ನು ಕಾರ್ಖಾನ್ಯಾಗ ಓವರ್‌ಟೈಮಿಗೆ ನಿಲ್ಲಿಸಿಕೊಂಡಾರ, ಬರೋದು ಮಧ್ಯಾಹ್ನ ಆಗತೈತಿ ಅಂದೆ. ಬಾಯಿಗೆ ಬಂದದ್ದು ಅದು. ರವಿವಾರವೂ ಓವರ್‌ಟೈಮ್ ಏನು ಅಂತ ಅವರು ನೊಂದುಕೊಂಡರು, ದುಡಿಯುವ ಹುಡುಗ ಅಂತ ಮೆಚ್ಚಿಕೊಂಡರು. ಒಳಗಿನಿಂದ ಗೊರಕೆ ಕೇಳಿಸುತ್ತಿತ್ತು. ಫಿಟ್ಸ್ ಆದ ಮೇಲಿನ ಗೊರಕೆ ನಿನಗೆ ಗೊತ್ತಿಲ್ಲ, ನೀನು ಅದನ್ನು ಕೇಳುವುದಿಲ್ಲ, ನಿನ್ನದನ್ನು ನಾವು ಕೇಳುತ್ತೇವೆ. ಸಾಮಾನ್ಯ ಗೊರಕೆಯಂತೆ ಇರುವುದಿಲ್ಲ, ಗಂಟಲಲ್ಲಿ ನೀರು ತುಂಬಿದ ಹಾಗೆ ಇರುತ್ತದೆ. ಚಾಚಾನಿಗೆ ಕೇಳಿಸೀತು ಅಂತ ನಾನು ಪಾತ್ರೆ ಬಡಿದೆ, ಸ್ಟೋವ್ ಜೋರು ಮಾಡಿದೆ, ಒಗ್ಗರಣೆಗೆ ಹಸಿಮೆಣಸಿನಕಾಯಿ ಹೆಚ್ಚಿಗೆ ಹಾಕಿ ಚುರ್ ಅನ್ನಿಸಿದೆ. ಮಂಡಕ್ಕಿ ಸುಸಲಾ ತಟ್ಟೆಗೆ ಹಾಕುವ ಹೊತ್ತಿಗೆ ಆ ಸದ್ದು ನಿಂತಿತು.

ನನಗೆ ಹಾಯೆನಿಸಿತು ಬುಶ್ರಾ.

ಇದನ್ನು ಬರೆಯುವುದಕ್ಕೇ ಆರು ತಿಂಗಳು ಬೇಕಾಯಿತು ನನಗೆ. ನನ್ನ ಗಂಡನ ಉಸಿರು ನಿಂತ ಹೊತ್ತಿನಲ್ಲಿ ನನಗೆ ಹಾಯೆನಿಸಿತು. ಸದ್ಯ, ಸುಮ್ಮನಾದರು, ಇನ್ನು ಸಿಕ್ಕಿಬೀಳುವುದಿಲ್ಲ ಅಂದುಕೊಂಡೆ. ಆ ಗೋವೆಯ ಹೆಂಗಸು ಬೆರಳಿಟ್ಟು ತೋರಿಸಿದ ಸಪಾಟು ಗೆರೆ ಒಮ್ಮೆಯೂ ಕಣ್ಣ ಮುಂದೆ ಬರಲಿಲ್ಲ. ಚಾಚಾ ಚಹಾ ಕುಡಿದರು. ಇನ್ನೊಂದು ಅರ್ಧ ಕಪ್ಪು ಹಾಕು ಅಂದರು, ಹಾಕಿದೆ. ಹೋಗುವ ಮುಂಚೆ, ‘ತಪ್ಪ ತಿಳೀಬ್ಯಾಡ ಬೇಟಿ, ಕೇಳೋದು ಪದ್ಧತಿ. ಮನ್ಯಾಗ ಯಾರಿಗರೆ ಏನರೆ ಜಡ್ಡು ಜಾಪತ್ರಿ?’ ಅಂತ ಕೇಳಿದರು. ‘ಏನೂ ಇಲ್ರಿ ಚಾಚಾ. ಅಲ್ಲಾನ ದಯಾದಿಂದ ಅಣ್ಣ ತಂಗಿ ಇಬ್ಬರೂ ಗಟ್ಟಿಮುಟ್ಟ ಅದಾರ’ ಅಂದೆ. ನಿನ್ನ ಹೆಸರನ್ನೂ ಸೇರಿಸಿಯೇ ಹೇಳಿದೆ. ಒಟ್ಟು ಮೂವತ್ತೈದು ನಿಮಿಷ ಕೂತಿದ್ದರು.

ಆಮೇಲೆ ಚಿಲಕ ತೆಗೆದೆ. ಅದನ್ನು ನಾನು ಬರೆಯುವುದಿಲ್ಲ. ಹೆಸರು ಹಿಡಿದು ಕೂಗಿದೆ, ಬಹಳ ಕೂಗಿದೆ. ಠಾಕಪ್ಪ ಬಂದ, ಆಟೋ ತಂದ. ಅವತ್ತು ಅವನು ಉಳ್ಳಾಗಡ್ಡಿ ತರಲಿಲ್ಲ.

ಆಸ್ಪತ್ರೆಯಲ್ಲಿ ಕೊಯ್ದು ನೋಡಿದರು. ಎದೆಯಲ್ಲೂ ಏನಿಲ್ಲ, ಹೊಟ್ಟೆಯಲ್ಲೂ ಏನಿಲ್ಲ. ಮಲಗಿದವರು ಏಳಲಿಲ್ಲ ಅಂತ ನಾನು ಹೇಳಿದ್ದನ್ನೇ ಬರೆದುಕೊಂಡರು. ಚಾಚಾನಿಗೆ ಮಾತ್ರ ಬೇರೆ ಹೇಳಬೇಕಾಯಿತು. ಓವರ್‌ಟೈಮ್ ಮುಗಿಸಿ ಮಧ್ಯಾಹ್ನ ಬಂದು ಮಲಗಿದವರು ಏಳಲಿಲ್ಲ ಅಂದೆ. ಮಣ್ಣಿಗೆ ಬಂದ ಆ ಮನುಷ್ಯ, ಬದುಕಿದ್ದಾಗ ಹುಡುಗನ ಮುಖ ನೋಡುವುದು ಹಣೆಯಲ್ಲಿ ಬರೆದಿರಲಿಲ್ಲ ಎಂದು ಗೋಳಾಡಿದರು. ಸಾವಾದ ಮನೆಯ ಹುಡುಗಿಯನ್ನು ಬಿಟ್ಟರೆ ಅಲ್ಲಾ ಮೆಚ್ಚುವುದಿಲ್ಲ ಎಂದು ಅವರೇ ಮುಂದೆ ನಿಂತು ಸಂಬಂಧ ಗಟ್ಟಿ ಮಾಡಿದರು. ನೀನು ಆಗ ನನ್ನ ಕಿವಿಯಲ್ಲಿ, ಎಂಥ ದೊಡ್ಡ ಮನಸ್ಸು ಭಾಬಿ ಅಂದೆ. ನಾನು ಎದ್ದು ಬಚ್ಚಲಿಗೆ ಹೋದೆ.

ಈಗ ನೀನು ಎದೆ ಬಡಿದುಕೊಳ್ಳುತ್ತೀ, ನನಗೆ ಗೊತ್ತು. ನನ್ನ ಮದುವೆಯ ಸಲುವಾಗಿ ಭಾಯಿ ಸತ್ತ ಅಂತ ಅಳುತ್ತೀ. ಈ ಭಯಕ್ಕೇ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ ಅಂತ ಬರೆಯಬೇಕೆಂದಿದ್ದೆ, ಆದರೆ ಅದು ಅರ್ಧ ಖರೇ. ಇನ್ನರ್ಧ ನನ್ನ ಹೆದರಿಕೆ. ನೀವೆಲ್ಲ ನನ್ನ ಮುಖ ನೋಡುವುದಿಲ್ಲ ಅನ್ನುವ ಹೆದರಿಕೆ. ನಿನ್ನ ತಪ್ಪು ಇದರಲ್ಲಿ ಸಾಸಿವೆಯಷ್ಟೂ ಇಲ್ಲ. ನೀನು ಯಾರಿಗೂ ಬಾಗಿಲು ಮುಚ್ಚು ಅನ್ನಲಿಲ್ಲ. ಮುಚ್ಚಿದವಳು ನಾನು.

ಗೋವೆಗೆ ವಾಪಸು ಬಂದ ಮೇಲೆ, ಜನವರಿಯಲ್ಲಿ, ದೊಡ್ಡ ಆಸ್ಪತ್ರೆಯಲ್ಲಿ ಅವರಿಗೆ ಮಾತ್ರೆ ಬರೆದುಕೊಟ್ಟ ಡಾಕ್ಟರರ ಹತ್ತಿರ ಹೋದೆ. ಅಲ್ಲಿ ಮಾತ್ರ ಎಲ್ಲವನ್ನೂ ಹೇಳಿದೆ. ಹೊರಗೆ ಎಪ್ಪತ್ತು ರೋಗಿಗಳ ಸಾಲಿತ್ತು, ಆದರೂ ಕೂಡಿಸಿಕೊಂಡು ಕೇಳಿದರು. ನಾನು ಒಂದೇ ಕೇಳಿದೆ, ಅಲ್ಲೇ ಕೂತಿದ್ದರೆ ಉಳಿಯುತ್ತಿದ್ದರಾ? ಹೌದು ಅಂತಲೂ ಇಲ್ಲ ಅಂತಲೂ ಹೇಳಲಾರೆ ಅಂದರು. ಈ ಜಡ್ಡಿನವರಲ್ಲಿ ಸಾವಿರಕ್ಕೆ ಒಬ್ಬರು ವರ್ಷಕ್ಕೆ ಹೀಗೆ ಹಠಾತ್ತಾಗಿ ಹೋಗುತ್ತಾರಂತೆ. ಫಿಟ್ಸಿನ ನಂತರ ಮಿದುಳು ಮೂಕಾಗುವುದಕ್ಕೂ ಸಾವಿಗೂ ಇರುವ ನಂಟು ಎಷ್ಟು ಅಂತ ದೊಡ್ಡ ದೊಡ್ಡವರೂ ಇನ್ನೂ ಹುಡುಕುತ್ತಿದ್ದಾರಂತೆ. ಗೊತ್ತಿರುವುದು ಇಷ್ಟು: ಮಾತ್ರೆ ತಪ್ಪಿಸಿದರೆ, ನಿದ್ದೆಗೆಟ್ಟರೆ, ಮೈಯೆಲ್ಲ ಬಿಗಿಯುವ ದೊಡ್ಡ ಫಿಟ್ಸ್ ಮೇಲಿಂದ ಮೇಲೆ ಬಂದರೆ ಅಪಾಯ ಹೆಚ್ಚು. ಹತ್ತಿರ ಯಾರೂ ಇಲ್ಲದೆ ಒಬ್ಬರೇ ಮಲಗಿದ್ದರೆ ಇನ್ನೂ ಹೆಚ್ಚು. ಮಾತ್ರೆಯನ್ನು ಗಡಿಯಾರ ನೋಡಿ ತಗೋಬೇಕಿತ್ತು, ನಿದ್ದೆ ನೋಡಿ ಅಲ್ಲ, ಪಾಳಿಯ ಕೆಲಸ ಅಂತ ನೀವು ಹೇಳಲಿಲ್ಲ, ನಾವೂ ಕೇಳಲಿಲ್ಲ ಅಂದರು. ಆಮೇಲೆ ಅವರ ಕಣ್ಣಲ್ಲೂ ನೀರು ಬಂತು. ಅದರಿಂದ ನನಗೇನೂ ಹಗುರಾಗಲಿಲ್ಲ.

ಬುಶ್ರಾ, ನಿನ್ನ ಸಂಗತಿಯನ್ನೂ ಅವರಿಗೆ ಹೇಳಿದ್ದೇನೆ. ಇದ್ದತ್ತಿನಲ್ಲಿ ನಿನ್ನ ಪಕ್ಕ ಮಲಗಿದ ನಾಲ್ಕು ತಿಂಗಳಲ್ಲಿ ನಿನಗೆ ಎರಡು ಸಲ ಬಂತು. ಒಂದೇ ಸಲ ಅಂತ ನಿನಗೆ ಹೇಳಿದ್ದೆ, ಎರಡು ಸಲ. ಎರಡೂ ಸಲ ಮಗ್ಗುಲಿಗೆ ಹೊರಳಿಸಿ, ನಿನ್ನ ಹೆಸರು ಕೂಗುತ್ತಾ ಕೂತೆ. ನೀನು ಕಣ್ಣು ಬಿಟ್ಟು, ಯಾಕ ಭಾಬಿ, ಹಿಂಗ ಹೊಯ್ಕೋತಿ ಅಂದಾಗ ನಿನ್ನನ್ನು ತಬ್ಬಿಕೊಂಡು ಅತ್ತದ್ದು ಭಾಯಿಯ ನೆನಪಿಗೆ ಅಂದುಕೊಂಡಿದ್ದೀ. ಅದು ನೆನಪಿಗಲ್ಲ. ಕಣ್ಣು ಬಿಟ್ಟೆಯಲ್ಲ ಅಂತ.

ಅಫ್ರೋಜನ ಮನೆಯಲ್ಲಿ ಯಾರು ಹೊರಳಿಸುತ್ತಾರೆ? ಹೊಸ ಮದುವೆ, ನಿದ್ದೆ ಇಲ್ಲದ ದಿನಗಳು, ಮಾತ್ರೆ ಇಲ್ಲ. ನಿನಗೆ ಬರುತ್ತದೆ, ಬರದೆ ಬಿಡುವುದಿಲ್ಲ. ಅವನಿಗೆ ಏನೂ ಗೊತ್ತಿರುವುದಿಲ್ಲ. ನಿಂತ ಕೂಡಲೇ, ಸದ್ಯ ಮಲಗಿದಳು, ದಣಿದಿದ್ದಾಳೆ ಅಂತ ದೀಪ ಆರಿಸಿ, ಬಾಗಿಲು ಎಳೆದುಕೊಂಡು, ಅಮ್ಮನನ್ನು ಕರೆಯಲು ಹೋಗುತ್ತಾನೆ. ಒಳ್ಳೆಯ ಹುಡುಗನೇ ಹಾಗೆ ಮಾಡುತ್ತಾನೆ. ಅದಕ್ಕೇ ಹೇಳುತ್ತೇನೆ, ಮಾತ್ರೆ ಒಂದು ಹೊತ್ತೂ ಬಿಡಬೇಡ. ರಮಜಾನಿನಲ್ಲಿ ನಸುಕಿನ ಸಹರಿಗೆ ಒಂದು, ಸಂಜೆಯ ಇಫ್ತಾರಿಗೆ ಒಂದು ತಗೋ, ರೋಜಾ ಹಿಡಿಯಬಹುದು ಅಂತ ಡಾಕ್ಟರು ಹೇಳಿದ್ದಾರೆ. ನಿದ್ದೆಗೆಟ್ಟು ಮೈ ಸೋಲುತ್ತದೆ ಅನ್ನಿಸಿದರೆ ರೋಜಾ ಬಿಡು, ಅದಕ್ಕೆ ಅಲ್ಲಾನ ಮಾಫಿ ಇದೆ. ಬೋರಲು ಮಲಗುವ ನಿನ್ನ ಚಟ ಬಿಡು. ಮತ್ತು ನಿಖಾಕ್ಕೆ ಮುಂಚೆ ಅಫ್ರೋಜನಿಗೆ ಹೇಳು. ನೀನೇ ಹೇಳು. ಅಮ್ಮಿ ಆಕಾಶ ಭೂಮಿ ಒಂದು ಮಾಡುತ್ತಾರೆ, ಮಾಡಲಿ. ಸಂಬಂಧ ಮುರಿದರೆ ಮುರಿಯಲಿ. ಮದುವೆಯಾಗದೆ ನನ್ನ ಜೊತೆ ಈ ಖೋಲಿಯಲ್ಲಿ ಕೂತು ನೀನು ಜಗಳಾಡಿಕೊಂಡಿರುವುದು ನನಗೆ ಸಾಕು.

ಅಮ್ಮಿಗೆ ಈ ಪತ್ರ ಓದಿ ಹೇಳಬೇಕೋ ಬೇಡವೋ, ನಿನಗೆ ಬಿಟ್ಟಿದ್ದು. ‘ನಿದ್ದೆಯಲ್ಲಿ ಹೋದ’ ಅನ್ನುವ ಆ ಮಾತನ್ನು ಆ ತಾಯಿಯಿಂದ ಕಿತ್ತುಕೊಳ್ಳಲು ನನಗೆ ಧೈರ್ಯವಿಲ್ಲ. ಕಿತ್ತುಕೊಳ್ಳದಿದ್ದರೆ ನಿನ್ನನ್ನು ಉಳಿಸುವುದು ಹೇಗೆ ಅನ್ನುವುದೂ ನನಗೆ ತಿಳಿಯುವುದಿಲ್ಲ.

ಬೈಯಬೇಕು ಅನ್ನಿಸಿದರೆ ಮೂರು ಸಾಲಿನಲ್ಲಿ ಬೈಯಬೇಡ. ಪುಟಗಟ್ಟಲೆ ಬೈದು ಪರ್ವೇಜನ ಕೈಯಲ್ಲಿ ಕಳಿಸು. ಎಲ್ಲವನ್ನೂ ಕೂತು ಓದುತ್ತೇನೆ.

ನಿನ್ನ ಭಾಯಿಯ ಹೆಂಡತಿ,
ಫಿರ್ದೋಸ

ತಾ. ಕ. ಮಂಗಳವಾರ, ಸಂಜೆ. ಡಬ್ಬಿ ಕಟ್ಟುವ ಮುಂಚೆ ಪತ್ರವನ್ನು ಇನ್ನೊಮ್ಮೆ ಓದಿದೆ. ‘ನೀನೇ ಹೇಳು’ ಅಂತ ಬರೆದದ್ದನ್ನು ಓದಿ ನಾಚಿಕೆಯಾಯಿತು. ಮೂವತ್ತೈದು ನಿಮಿಷ ಎದುರಿಗೇ ಕೂತವರಿಗೆ ನಾನು ಹೇಳಲಾಗದ ಮಾತನ್ನು ಇಪ್ಪತ್ತೊಂದು ವರ್ಷದ ಹುಡುಗಿಯ ತಲೆಗೆ ಕಟ್ಟುತ್ತಿದ್ದೇನಲ್ಲ ಅಂತ. ವಾಪಸು ಬಂದ ಮೇಲೆ ಹಿಡಿದ ಕೆಲಸಕ್ಕೆ ರಜೆ ಹಾಕಿ ಇವತ್ತು ಫಾತೋರ್ಡಾಕ್ಕೆ ಹೋಗಿದ್ದೆ. ದಸ್ತಗೀರ ಚಾಚಾನಿಗೆ ಎಲ್ಲ ಹೇಳಿದೆ. ಹಾರೂನರದ್ದು, ನಿನ್ನದು, ಬಾಗಿಲಿನದು. ನಿನ್ನನ್ನು ಕೇಳದೆ ಹೇಳಿದೆ. ಅವರು ಬೈಯಲಿಲ್ಲ. ಮದುವೆಯ ಮಾತನ್ನೂ ಎತ್ತಲಿಲ್ಲ, ಸಂಬಂಧ ಉಳಿಯಿತೋ ಮುರಿಯಿತೋ ನನಗೆ ಗೊತ್ತಿಲ್ಲ. ‘ನಾ ಚಹಾ ಕುಡಿಯೋ ಮುಂದ ಅಂವಾ ಒಳಗ ಇದ್ದನೇನು?’ ಅಂತ ಒಂದೇ ಕೇಳಿದರು. ಹೌದು ಅಂದೆ. ಆಮೇಲೆ, ‘ನನ್ನ ಟೆಂಪೋ ನಿಮ್ಮ ಬಾಗಲದಾಗ ನಿಂತಿತ್ತಲ್ಲ ಬೇಟಿ. ಒಂದ ಮಾತ ಅಂದಿದ್ರ ಎತ್ತಿ ಹಾಕ್ಕೊಂಡು ಓಡಿಸಿಬಿಡತಿದ್ದೆ’ ಅಂದರು. ಟೆಂಪೋ ನಿಂತದ್ದು ನನಗೆ ತಿಳಿದಿರಲಿಲ್ಲ ಅಂತ ನಾನು ಅವರಿಗೆ ಹೇಳಿಬಂದೆ. ತಿಳಿದಿತ್ತು ಬುಶ್ರಾ. ಅವರಿಗೆ ಎರಡನೆಯ ಸಲ ಚಹಾ ಹಾಕುವಾಗ ಕಿಟಕಿಯಿಂದ ನೋಡಿದ್ದೆ.